ತಂಗಿಯ ಕಾಲಿನ ಕಡ್ಡಿ

ನನ್ನ ತಂಗಿಯ ಕಾಲಿನ ಅಳತೆಯನ್ನು ಇನ್ನೊಂದು ಸಲ ತರಬೇಕಾಗಿತ್ತು, ನಾನು ತರಲಿಲ್ಲ. ಇಷ್ಟೇ ನನ್ನ ತಪ್ಪು. ಆಗಲೇ ಬಾಯಿಬಿಟ್ಟು ಹೇಳಿದ್ದರೆ ಒಂದು ಮಾತಿನಲ್ಲಿ ಮುಗಿಯುತ್ತಿತ್ತು. ಹೇಳದೆ ಇಟ್ಟುಕೊಂಡದ್ದರಿಂದ ಇಪ್ಪತ್ತೆಂಟು ವರ್ಷ ಹಿಡಿಯಿತು.

ಅಳತೆ ಎಂದರೆ ಎಂಥದ್ದೆಂದು ಮೊದಲು ಹೇಳುತ್ತೇನೆ. ಹೈದರಾಬಾದಿನಲ್ಲಿ ಅಂಗಡಿಗೆ ಹೋಗಿ ಕುರ್ಚಿಯ ಮೇಲೆ ಕೂತರೆ ಅಂಗಡಿಯವನೇ ಒಂದಾದ ಮೇಲೊಂದು ಜೋಡು ತಂದು ಕಾಲಿಗೆ ಹಾಕಿ ನೋಡುತ್ತಾನಂತೆ. ನಮ್ಮ ಕಡೆ ಕೆರ ಹೊಲಿಯುವವನು ಸಂತೆಯಲ್ಲಿರುತ್ತಾನೆ, ಕಾಲುಗಳು ಮನೆಯಲ್ಲಿರುತ್ತವೆ. ಮನೆಮಂದಿಯ ಕಾಲನ್ನೆಲ್ಲ ಸಂತೆಗೆ ಸಾಗಿಸುವುದು ಯಾರಿಗಾಗುತ್ತದೆ? ಅದಕ್ಕೇ ಜೋಳದ ದಂಟು. ನೆಲದ ಮೇಲೆ ಕಾಲೂರಿಸಿ, ಹಿಮ್ಮಡಿಯಿಂದ ಹೆಬ್ಬೆರಳಿನ ತುದಿಯವರೆಗೆ ದಂಟು ಹಿಡಿದು, ಚಟ್ಟನೆ ಮುರಿದರೆ ಆ ಕಡ್ಡಿಯೇ ಆ ಮನುಷ್ಯನ ಕಾಲು. ಯಾರದೆಂದು ಗೊತ್ತಾಗಲಿಕ್ಕೆ ಅದಕ್ಕೊಂದು ಗುರುತು ಮಾಡಿ ಸಂತೆಗೆ ಹೋಗುವವರ ಕೈಗೆ ಕೊಟ್ಟರಾಯಿತು. ಉದ್ದ ನೋಡಿಯೇ ಅಗಲ ಎಷ್ಟಿದ್ದೀತು ಎಂದು ಹೊಲಿಯುವವನು ಲೆಕ್ಕ ಹಾಕಿಕೊಳ್ಳುತ್ತಾನೆ.

ಅಳತೆಯಲ್ಲಿ ನಾನು ಮಾಡಿದ ತಪ್ಪು ಗೊತ್ತಾದರೆ ನನ್ನ ಕೈಕೆಳಗಿನವರು ನಕ್ಕಾರು. ತಾಂಡೂರಿನಲ್ಲಿ ಹಾಸುಗಲ್ಲಿನ ಖಣಿಯಲ್ಲಿ ನಾನು ಮೇಸ್ತ್ರಿ. ದಿನವಿಡೀ ಗಜದ ಕೋಲು ಹಿಡಿದು ಕಲ್ಲು ಅಳೆಯುವುದೇ ನನ್ನ ಕೆಲಸ. ಒಂದು ಬೆರಳು ಕಡಿಮೆಯಾದ ಕಲ್ಲು ಕಂಡರೆ ಒಡೆದವನ ಮೇಲೆ ಹರಿಹಾಯುತ್ತೇನೆ. "ಅಳತಿ ಅಂದ್ರ ಅಳತಿನೋ, ಇದೇನು ನಿನ್ನ ಅಂದಾಜೇನು?" ಎಂದು ಕೂಗುತ್ತೇನೆ. ಅವರು ತಲೆ ತಗ್ಗಿಸುತ್ತಾರೆ. ನನ್ನ ಬಗ್ಗೆ ಅವರಿಗೆ ಏನೂ ಗೊತ್ತಿಲ್ಲ. ಓದು ನನಗೆ ಹೆಚ್ಚು ಬರಲಿಲ್ಲ. ಮಠದ ಅಯ್ಯನವರ ಹತ್ತಿರ ಕನ್ನಡ ಅಕ್ಷರ ತಿದ್ದಿದೆ, ಸರಕಾರಿ ಮದರಸಾದಲ್ಲಿ ಎರಡು ವರ್ಷ ಉರ್ದು ಕಲಿತೆ. ಕಲ್ಲಿನ ಅಳತೆಯನ್ನು ಉರ್ದುವಿನಲ್ಲಿ ಬರೆಯುತ್ತೇನೆ, ಮನೆಯ ಮಾತನ್ನು ಕನ್ನಡದಲ್ಲಿ. ಹಾಗಾಗಿ ಇದು ಕನ್ನಡದಲ್ಲಿ ಬರುತ್ತಿದೆ.

ಈ ವರ್ಷ ಮಕ್ಕಳನ್ನು ಕರೆದುಕೊಂಡು ಪರ್ವತಕ್ಕೆ ಹೋಗಬೇಕೆಂದು ನಿಶ್ಚಯ ಮಾಡಿದ್ದೇವೆ. ಲೋಕದಲ್ಲಿ ಎಷ್ಟು ಪರ್ವತಗಳಿವೆಯೋ ನನಗೆ ತಿಳಿಯದು. ನಮ್ಮವರಿಗೆ ಪರ್ವತ ಎಂದರೆ ಶ್ರೀಶೈಲ ಒಂದೇ. ದಟ್ಟ ಅಡವಿ, ಏರು, ಇಳಿತ, ಮತ್ತೆ ಏರು, ಕೆಳಗೆ ಕೃಷ್ಣೆ, ಅದನ್ನು ಹರಿಗೋಲಿನಲ್ಲಿ ದಾಟಿದರೆ ಮತ್ತೆ ಮೆಟ್ಟಿಲು. ನನ್ನವು ಮೂರು ಮಕ್ಕಳು, ತಂಗಿ ಗಂಗುವಿನವು ಎರಡು. ಗಂಗುವನ್ನು ಕೊಟ್ಟದ್ದು ನಾರಾಯಣಖೇಡದ ಪೇಟೆಗೆ. ಯಾರು ಬರಬೇಕು, ಏನೇನು ಕಟ್ಟಿಕೊಳ್ಳಬೇಕು ಎಂದು ಕೂತು ಮಾತಾಡಲಿಕ್ಕೆ ಅವಳು ಮೊನ್ನೆ ಮಕ್ಕಳೊಂದಿಗೆ ಜಹೀರಾಬಾದಿನವರೆಗೆ ಬಂಡಿಯಲ್ಲಿ ಬಂದು, ಅಲ್ಲಿಂದ ರೈಲು ಹಿಡಿದು ನಮ್ಮಲ್ಲಿಗೆ ಬಂದಿದ್ದಳು. ಪಡಸಾಲೆಯಲ್ಲಿ ನನ್ನ ಹೆಂಡತಿ ಜೋಳದ ದಂಟಿನ ಹೊರೆ ಹಾಕಿಕೊಂಡು ಒಬ್ಬೊಬ್ಬರದೇ ಕಾಲು ಹಿಡಿದು ಕಡ್ಡಿ ಮುರಿಯುತ್ತಿದ್ದಳು. ಆ ಚಟ್ ಎಂಬ ಸದ್ದು ನನಗೆ ಸೇರದು. ಕಂಬಕ್ಕೆ ಒರಗಿ ಎತ್ತಲೋ ನೋಡುತ್ತ ಕೂತಿದ್ದೆ.

ನಮ್ಮ ಅಪ್ಪ ಪರ್ವತದ ತಯಾರಿ ಮಾಡಿದ್ದು ಹೀಗಲ್ಲ. ಅದೊಂದು ದೊಡ್ಡ ಕಾರಭಾರು. ಆಗ ನಮ್ಮ ಮನೆ ನ್ಯಾಲ್ಕಲ್ ಹತ್ತಿರದ ಹಳ್ಳಿಯಲ್ಲಿತ್ತು. ಜಹೀರಾಬಾದಿಗೆ ಇನ್ನೂ ರೈಲು ಬಂದಿರಲಿಲ್ಲ. ನನಗೆ ಹನ್ನೆರಡು, ಗಂಗುವಿಗೆ ಎಂಟು. ಅಪ್ಪ ನೆಲದ ಮೇಲೆ ತೊಗರಿಕಾಳು ಸಾಲಾಗಿಟ್ಟು ದಾರಿ ಮಾಡಿದ್ದ. ಒಂದು ಕಾಳು ಒಂದು ಮುಕ್ಕಾಂ. ಎಲ್ಲಿ ನೀರು ಸಿಗುತ್ತದೋ ಆ ಕಾಳಿನ ಪಕ್ಕದಲ್ಲಿ ಒಂದು ಹಸಿರೆಲೆ. ಎಷ್ಟು ಹರದಾರಿ ಎಂದು ಯಾರಾದರೂ ಕೇಳಿದರೆ ಅವನಿಗೆ ಸಿಟ್ಟು ಬರುತ್ತಿತ್ತು.

"ಮಕ್ಕಳನ್ನ ಕರಕೊಂಡು ಹೋಗಾವ್ರು ಹರದಾರಿ ಎಣಿಸಬಾರ್ದು. ನೀರಿಂದ ನೀರಿಗಿ ನಡೀಬೇಕು, ಅಷ್ಟೇ."

ಒಂದು ದಿನ ಮನೆಯ ಕರು ಹಗ್ಗ ಬಿಚ್ಚಿಕೊಂಡು ಬಂದು ಎಲೆಗಳನ್ನೆಲ್ಲ ನೆಕ್ಕಿ ತಿಂದುಬಿಟ್ಟಿತು. ಅವ್ವ ಒಳಗಿಂದಲೇ, "ನೋಡ್ರಿ, ನಿಮ್ಮ ದಾರ್ಯಾಗಿನ ನೀರೆಲ್ಲಾ ಬತ್ತಿದ್ವು" ಎಂದಳು. ಅಪ್ಪ ನಗಲಿಲ್ಲ. ಹೊಸ ಎಲೆ ತರಿಸಿದ.

ಮಕ್ಕಳನ್ನು ಕರೆದೊಯ್ಯಲಿಕ್ಕೆ ಅಪ್ಪ ಒಂದು ಪರೀಕ್ಷೆ ಇಟ್ಟಿದ್ದ. ದಿನಾ ಬೆಳಿಗ್ಗೆ ಮೂರು ಸೇರು ಜೋಳದ ಗಂಟನ್ನು ತಲೆಯ ಮೇಲೆ ಹೊತ್ತು ಕೆರೆಯ ಸುತ್ತ ಐದು ಸಲ ಬರಬೇಕು. ಸೋತವರು ಊರಲ್ಲೇ ಉಳಿಯಬೇಕು. ನಾನು ಮೂರನೇ ಸುತ್ತಿಗೇ ನಾಲಗೆ ಹೊರಗೆ ಹಾಕುತ್ತಿದ್ದೆ. ಗಂಗು ಬರಿಗಾಲಲ್ಲಿ ಗಂಟು ಹೊತ್ತು ಚಿಗರಿಯ ಹಾಗೆ ಹೋಗಿ ಕೆರೆಯ ಏರಿಯ ಆ ತುದಿಯಲ್ಲಿ ನಿಂತು ಕೂಗುತ್ತಿದ್ದಳು:

"ಅಣ್ಣಾ, ನಿನಗ ಎತ್ತಿನ ಬಂಡಿ ಕಳಸ್ಲೇನು?"

ಇದನ್ನು ನೆನಪಿಟ್ಟುಕೊಳ್ಳಿ. ಎಂಟು ವರ್ಷದ ಆ ಹುಡುಗಿ ನನಗಿಂತ ಒಂದು ಸುತ್ತು ಮುಂದೆ ಇರುತ್ತಿದ್ದಳು. ಇಡೀ ಊರೇ ನೋಡಿದೆ. ಆದರೂ ಮುಂದೆ ಇದು ಯಾರಿಗೂ ನೆನಪಾಗಲಿಲ್ಲ.

ನಮ್ಮ ಕಡೆ ಹೆಣ್ಣುಮಕ್ಕಳಿಗೆ ಕೆರ ಮಾಡಿಸುವ ರೂಢಿ ಇಲ್ಲ. ಅಡವಿಯ ಮುಳ್ಳು, ಕಲ್ಲು ಎಂದು ಅಪ್ಪ ಎಲ್ಲರಿಗೂ ಮಾಡಿಸುತ್ತೇನೆಂದ. ಗಂಗುವಿಗೆ ಹುಟ್ಟಿದಾಗಿನಿಂದ ಅದೇ ಮೊದಲ ಕೆರ. ಸಂಕ್ರಾಂತಿ ಮುಗಿದಿತ್ತು, ಬಿಳಿಜೋಳದ ದಂಟು ಇನ್ನೂ ಹಸಿಯಾಗಿತ್ತು. ಅಪ್ಪನ ಕಡ್ಡಿಗೆ ಒಂದು ಗೀರು, ಅವ್ವನದಕ್ಕೆ ಎರಡು, ನಮ್ಮ ಮನೆಯಲ್ಲೇ ಇದ್ದ ಅಪ್ಪನ ಅಕ್ಕ, ಅತ್ತಿಯದಕ್ಕೆ ಮೂರು. ಗಂಗು ತನ್ನ ದಂಟನ್ನು ತಾನೇ ಆರಿಸಿದಳು. ನಾಲ್ಕಾರು ದಂಟು ಕಚ್ಚಿ ಕಚ್ಚಿ ಉಗುಳಿ, "ಇದು ಸವಿ ಅದ. ನನ್ನ ಕಾಲಿಗಿ ಇದೇ ಇರ್ಲಿ" ಎಂದಳು. ಗೀರಿನ ಗುರುತು ಬೇಡವೆಂದು ತನ್ನ ಪರಕಾರದ ಅಂಚಿನಿಂದ ಹಸಿರು ದಾರ ಎಳೆದು ಅದಕ್ಕೆ ಕಟ್ಟಿದಳು.

ಸಂತೆಯ ದಿನ ನೆರೆಮನೆಯವರ ತೊಗರಿ ಬಂಡಿಯಲ್ಲಿ ಅಪ್ಪ ನನ್ನನ್ನು ಕಳಿಸಿದ. ನನ್ನ ಕಾಲು ನನ್ನ ಜೊತೆಗೇ ಬರುತ್ತಿದ್ದುದರಿಂದ ನನಗೆ ಕಡ್ಡಿ ಬೇಕಿರಲಿಲ್ಲ. ಕೈಯಲ್ಲಿದ್ದದ್ದು ನಾಲ್ಕು ಕಡ್ಡಿ. ಮೂರು ಹರದಾರಿಯ ದಾರಿ, ತೊಗರಿ ಚೀಲದ ಮೇಲೆ ಅಂಗಾತ ಮಲಗಿದ್ದೆ, ಬಿಸಿಲು ಹಿತವಾಗಿತ್ತು. ಜೋಳದ ಸೀಮೆಯಲ್ಲಿ ಹುಟ್ಟಿದ ಹುಡುಗನ ಕೈಯಲ್ಲಿ ಹಸಿ ದಂಟು ಇದ್ದರೆ ಅದು ಎಲ್ಲಿಗೆ ಹೋಗುತ್ತದೆಂದು ಜೋಳದ ಸೀಮೆಯವರಿಗೆ ಹೇಳಬೇಕಾಗಿಲ್ಲ. ಗೊತ್ತಿದ್ದು ಮಾಡಲಿಲ್ಲ ಎಂದರೆ ನೀವು ನಂಬಬೇಕು. ಹಲ್ಲಿಗೆ ದಾರ ಸಿಕ್ಕಿಕೊಂಡಿತು. ಉಗುಳಿ ನೋಡಿದರೆ ಹಸಿರು ದಾರ. ಕಡ್ಡಿಯಲ್ಲಿ ಅರ್ಧ ನನ್ನ ಹೊಟ್ಟೆಯಲ್ಲಿತ್ತು, ಇನ್ನರ್ಧ ಹಿಪ್ಪೆಯಾಗಿ ದಾರಿಯಲ್ಲಿ ಬಿದ್ದಿತ್ತು.

'ಇನ್ನೊಂದು ಮುರಿದರಾಯಿತು' ಎಂದುಕೊಂಡೆ. ಎತ್ತಿಗೆಂದು ಬಂಡಿಯಲ್ಲಿ ಹಾಕಿದ್ದ ಒಣ ಕಣಿಕೆಯಿಂದ ಒಂದು ದಂಟು ಎಳೆದೆ. ಯಾವತ್ತೋ ಆಡುವಾಗ ಗಂಗುವಿನ ಕಾಲಿಗೆ ಗೇಣು ಹಾಕಿದ್ದೆ, ಸರಿಯಾಗಿ ಒಂದು ಗೇಣು ಇತ್ತು. ಆ ಆಟ ಆಡಿ ಎರಡು ವರ್ಷವಾಗಿತ್ತು ಎಂಬುದು ತಲೆಗೆ ಹೊಳೆಯಲಿಲ್ಲ. ಒಂದು ಗೇಣಿಗೆ ಮುರಿದು, ಅದೇ ದಾರ ಒರೆಸಿ ಕಟ್ಟಿದೆ.

ಕೆರ ಹೊಲಿಯುವ ಮಲ್ಕಪ್ಪ ಮುದುಕ. ಆದರೆ ಅವನ ಕಣ್ಣು ಮುದಿಯಾಗಿರಲಿಲ್ಲ. ನಾಲ್ಕೂ ಕಡ್ಡಿಗಳನ್ನು ಅಂಗೈಯಲ್ಲಿ ಹೊರಳಿಸಿ ನೋಡಿದ.

"ತಮ್ಮಾ, ಮೂರು ಹಸಿ ಅವ, ಇದೊಂದು ಒಣಗಿದ್ದು. ನಾಲ್ಕೂ ಒಂದೇ ಮನೀವೇನು?"

"ಹೂಂ."

"ಇದು ಯಾರದು?"

"ತಂಗೀದು."

"ಎಷ್ಟು ವರ್ಷದಾಕಿ?"

"ಎಂಟು."

"ಎಂಟು ವರ್ಷದ ಕಾಲಿಗಿ ಇದು ಸಣ್ಣದಾತಲ್ಲೋ. ಸುಳ್ಳಲ್ಲಪಾ, ನಾ ನೂರಾರು ಕಾಲು ನೋಡೀನಿ. ಬರೋ ಸಂತಿಗಿ ಇನ್ನೊಂದು ಕಡ್ಡಿ ತಂದುಬಿಡು. ಇದೊಂದು ಜೋಡು ಅಷ್ಟೇ ತಡಾ ಆಗ್ತದ, ಏನು ಗಂಟು ಹೋಗ್ತದ?"

ಏನೂ ಹೋಗುತ್ತಿರಲಿಲ್ಲ. ಆದರೆ ಮೊದಲಿನ ಕಡ್ಡಿ ಎಲ್ಲಿ ಹೋಯಿತೆಂದು ಅಪ್ಪ ಕೇಳುತ್ತಿದ್ದ, 'ತಿಂದೆ' ಎನ್ನಬೇಕಾಗುತ್ತಿತ್ತು. ಹನ್ನೆರಡು ವರ್ಷದ ಗಂಡಸಿಗೆ ಅದು ದೊಡ್ಡ ಅವಮಾನ. ಅದಕ್ಕೆ ಮಲ್ಕಪ್ಪನಿಗೆ ನಾನು ಹೇಳಿದ್ದು ಹೀಗೆ:

"ಆಕೀ ಕಾಲೇ ಸಣ್ಣಾವ."

ಮಲ್ಕಪ್ಪ ನನ್ನ ಮುಖ ನೋಡಿದ. ಕಡ್ಡಿಯನ್ನು ಉಳಿದ ಮೂರರ ಜೊತೆ ಎತ್ತಿಟ್ಟ.

ಎಂಟು ದಿನ ಬಿಟ್ಟು ಕೆರ ಬಂದವು. ಆ ಎಂಟು ದಿನವೂ ಗಂಗು ನನ್ನ ಹಿಂದೆ ಹಿಂದೆ ತಿರುಗಿದಳು. ಕೆರಕ್ಕೆ ಗೊಂಡೆ ಹಚ್ಚುತ್ತಾನೇನು, ನಡೆದರೆ ಜೀರ್ ಜೀರ್ ಅಂತಾವೇನು ಎಂದು ಕೇಳಿದಳು. ಎಂಟು ದಿನವೂ ನಾನು ಹೇಳಬಹುದಾಗಿತ್ತು. ಕೆರ ಬಂದ ದಿನ ಹಾಕಿ ನೋಡಿದ್ದರೂ ಗೊತ್ತಾಗುತ್ತಿತ್ತು. ಆದರೆ ನಮ್ಮ ಅಪ್ಪನ ಶಿಸ್ತು ನಿಮಗೆ ಗೊತ್ತಿಲ್ಲ. ಅಡವಿಗೆಂದು ಮಾಡಿಸಿದ ಕೆರವನ್ನು ಊರ ಮಣ್ಣಿನಲ್ಲಿ ಸವೆಸುವುದೆಂದರೆ ಅವನಿಗೆ ಬೀಜದ ಜೋಳ ಬೀಸಿದ ಹಾಗೆ. "ಅಡವಿ ಸುರು ಆಗೋತನಕ ಯಾರ ಕಾಲಿಗೂ ಕೆರ ಹತ್ತಬಾರ್ದು" ಎಂದ. ನಮ್ಮ ಕಡೆ ಎಲ್ಲರೂ ಹೀಗೆಯೇ. ಮೆತ್ತಗಿನ ದಾರಿಯಲ್ಲಿ ಕೆರ ಕೋಲಿಗೆ ತೂಗಾಡುತ್ತಿರುತ್ತವೆ, ಕಾಲು ಬರಿದಾಗಿರುತ್ತವೆ. ಕಾಲಿಗೆ ಹಾಕಬಾರದೆಂದು ಅಪ್ಪ ಹೇಳಿದ್ದರಿಂದ ಗಂಗು ಕೆರವನ್ನು ಕೈಗೆ ಹಾಕಿಕೊಂಡಳು. ಮನೆತುಂಬ ಕೈಯೂರಿ ಅಂಬೆಗಾಲಲ್ಲಿ ತಿರುಗಿದಳು. ಕೈಗೆ ಅವು ಬಹಳ ದೊಡ್ಡವಾಗಿದ್ದವು. ಅದನ್ನು ನೋಡಿ ನಾನು ಸಮಾಧಾನ ಮಾಡಿಕೊಂಡೆ. ನಾನೆಂಥ ಶಾಣ್ಯಾ ಎಂದು ನೀವೇ ನೋಡಿ.

ಬಂಡಿಯಲ್ಲಿ ಎಷ್ಟೋ ದಿನ ಹೋಗಿ, ಅಮ್ರಾಬಾದಿನ ಕಡೆ ಅಡವಿ ಸುರುವಾಗುವಲ್ಲಿ ಇಳಿದೆವು. ಕೋಲಿನಿಂದ ಕೆರ ಬಿಚ್ಚಿದರು. ನನ್ನವು ಅಚ್ಚಿನಲ್ಲಿ ಹೊಯ್ದ ಹಾಗೆ ಕೂತವು. ಗಂಗುವಿನ ಹಿಮ್ಮಡಿ ಹಿಂದೆ ಒಂದು ಬೆರಳು ಹೊರಗೆ ಉಳಿಯಿತು, ಮುಂದೆ ಪಟ್ಟಿ ಬಿಗಿಯಾಯಿತು. ಅವಳು ಪರಕಾರವನ್ನು ಕೆಳಗೆ ಇಳಿಸಿಕೊಂಡು ಯಾರಿಗೂ ಕಾಣದ ಹಾಗೆ ನಿಂತಳು. ಸಣ್ಣವಾಗಿವೆ ಎಂದರೆ ಕಸಿದುಕೊಂಡಾರು ಎಂಬ ಭಯ. ಜೀವದಲ್ಲಿ ಮೊದಲ ಸಲ ಸಿಕ್ಕ ಕೆರ. ಅವಳು ಬಚ್ಚಿಟ್ಟದ್ದನ್ನು ನಾನೊಬ್ಬನೇ ನೋಡಿದೆ.

ಮೊದಲ ದಿನ ಹಿಂದೆ ಬಿದ್ದಳು. ಎರಡನೇ ದಿನ ಕುಂಟಿದಳು. ಮೂರನೇ ದಿನ ಏರಿನ ನಡುವೆ ಕೂತುಬಿಟ್ಟಳು. ಅತ್ತಿ ಕೆರ ಬಿಚ್ಚಿದರೆ ಪಟ್ಟಿಯ ಜಾಗದಲ್ಲಿ ಚರ್ಮವೇ ಇರಲಿಲ್ಲ, ಹಿಮ್ಮಡಿ ಕಲ್ಲಿಗೆ ತಾಗಿ ತಾಗಿ ಒಡೆದಿತ್ತು.

"ಏನೋ, ಅಳತಿ ಸರಿ ಕೊಟ್ಟಿದ್ದಿಲ್ಲೇನು?" ಎಂದು ಅಪ್ಪ ನನ್ನನ್ನು ಕೇಳಿದ.

"ಕಡ್ಡಿ ಕೊಟ್ಟೀನಿ" ಎಂದೆ. ಆ ಮಾತಿನಲ್ಲಿ ಸುಳ್ಳಿರಲಿಲ್ಲ.

ಅಪ್ಪ ಬಗ್ಗಿ ಅವಳ ಕಾಲು ನೋಡಿ, "ನಡದು ನಡದು ಬಾತಾವ. ಹುಡುಗಿ ಕಾಲು ನಾಜೂಕು" ಎಂದ. ಆ ಮಾತು ಅಲ್ಲಿ, ಆ ಏರಿನ ಮೇಲೆ, ಮೊದಲ ಸಲ ಹುಟ್ಟಿತು.

ಹತ್ತಿರದಲ್ಲಿ ಆ ಅಡವಿಯಲ್ಲೇ ಬಾಳುವ ಚೆಂಚರ ನಾಲ್ಕು ಗುಡಿಸಲುಗಳಿದ್ದವು. ಅಲ್ಲಿಯ ಒಬ್ಬ ಮುದುಕಿ ಗಂಗುವಿನ ಕಾಲಿಗೆ ಜೇನು ಹಚ್ಚಿ ಎಲೆ ಕಟ್ಟಿದಳು. ಅತ್ತಿ ಮತ್ತು ಗಂಗು ಅಲ್ಲೇ ಉಳಿದರು. ನಾವು ಮೂವರು ಹೊಳೆಗೆ ಇಳಿದೆವು, ದಾಟಿದೆವು, ಏರಿದೆವು, ಮಲ್ಲಯ್ಯನ ಶಿಖರ ನೋಡಿದೆವು. ಶಿಖರ ಕಂಡವರಿಗೆ ಮತ್ತೆ ಹುಟ್ಟಿಲ್ಲ ಎಂದು ಅಪ್ಪ ಕೈಮುಗಿದು ಅತ್ತ. ನಾನೂ ಕೈಮುಗಿದೆ. ನನ್ನ ಕೆರ ಒಂದಿಷ್ಟೂ ಕಚ್ಚಿರಲಿಲ್ಲ.

ವಾಪಸು ಬಂದಾಗ ಗಂಗು ಗುಡಿಸಲಿನ ಮುಂದೆ ಕಾಲು ಚಾಚಿ ಕೂತಿದ್ದಳು. ಶಿಖರ ನೋಡಿದ್ದರ ಫಲವನ್ನು ಅಪ್ಪ ಹೇಳಿದ. ಅವಳು ನಮ್ಮ ಮೂವರ ಮುಖವನ್ನೂ ಒಂದೊಂದಾಗಿ ನೋಡಿ ಕೇಳಿದಳು:

"ನೀವು ಯಾರೂ ಮತ್ತ ಹುಟ್ಟಂಗಿಲ್ಲಂದ್ರ ನಾ ಯಾರ ಮನ್ಯಾಗ ಹುಟ್ಟಲಿ?"

ಅಪ್ಪ, ಅವ್ವ ನಕ್ಕರು. ಅತ್ತಿ, "ನಾನೂ ನೋಡಿಲ್ಲಲ್ಲವ್ವಾ, ನಾ ಇರ್ತೀನಿ ನಿನ್ನ ಕೂಡ" ಎಂದು ಅವಳ ತಲೆ ಸವರಿದಳು. ನಾನು ನಗುವುದಕ್ಕೆ ನೋಡಿದೆ, ಆಗಲಿಲ್ಲ. ಹಿಂದೆ ಹೋಗಿ ಎತ್ತಿಗೆ ಮೇವು ಹಾಕುವವನ ಹಾಗೆ ಏನೋ ಮಾಡಲಿಕ್ಕೆ ಹೋದೆ. ಅಲ್ಲಿ ಎತ್ತೇ ಇರಲಿಲ್ಲ.

ಆಮೇಲೆ 'ಗಂಗುವಿನ ಕಾಲು ನಾಜೂಕು' ಎನ್ನುವುದು ಮನೆಯಲ್ಲಿ ಉಪ್ಪಿನ ಗಡಿಗೆಯ ಹಾಗೆ ಒಂದು ಕಡೆ ಕೂತುಬಿಟ್ಟಿತು. ದೂರದ ಹೊಲಕ್ಕೆ ಅವಳನ್ನು ಕಳಿಸಲಿಲ್ಲ. ಗಂಡು ಹುಡುಕುವಾಗ ಅಪ್ಪ ಹುಡುಗನನ್ನು ಆಮೇಲೆ ನೋಡುತ್ತಿದ್ದ, ಬಾವಿಯನ್ನು ಮೊದಲು ನೋಡುತ್ತಿದ್ದ. ನಾಗಲಗಿದ್ದದ ಕಡೆ ಒಂದು ಒಳ್ಳೆಯ ಸಂಬಂಧ ಬಂದಿತ್ತು. ಹುಡುಗನನ್ನು ಗಂಗು ನೋಡಿದ್ದಳು, ಮನಸ್ಸಿಗೆ ಬಂದಿದ್ದ ಎಂದು ಅವ್ವ ಹೇಳುತ್ತಿದ್ದಳು. ಆ ಮನೆಗೂ ನೀರಿಗೂ ಅರ್ಧ ಹರದಾರಿ ಎಂದು ಅಪ್ಪ ಬಿಟ್ಟುಬಿಟ್ಟ. ನಾರಾಯಣಖೇಡದ ಮನೆಯಲ್ಲಿ ಅಂಗಳದಲ್ಲೇ ಬಾವಿ ಇತ್ತು, ಅಲ್ಲಿಗೆ ಕೊಟ್ಟ. ಅಳಿಯ ಒಳ್ಳೆಯವನೇ. ಆದರೆ ಆ ಮನೆಗೆ ಅವಳನ್ನು ಕಳಿಸಿದ್ದು ನಾನು ತಿಂದ ಅರ್ಧ ಗೇಣು ದಂಟು. ಮದುವೆಯಲ್ಲಿ ನಾನು ಅಕ್ಕಿಕಾಳು ಹಾಕಿದೆ, ಹೋಳಿಗೆ ಉಂಡೆ, ಹೇಳಲಿಲ್ಲ. ಅಪ್ಪ ತೀರಿಕೊಂಡಾಗಲೂ ಹೇಳಲಿಲ್ಲ.

ಮೊನ್ನೆಯ ಮಾತಿಗೆ ಬರುತ್ತೇನೆ. ಕಡ್ಡಿ ಮುರಿಯುವುದು ನಡೆದಿತ್ತು. ಗಂಗುವಿನ ಮಗಳು ಚೆನ್ನಿಗೆ ಒಂಬತ್ತು ವರ್ಷ. ಖಣಿಯವರೆಗೆ ಓಡಿ ಮುಟ್ಟಿ ಬರುವ ಪಂದ್ಯದಲ್ಲಿ ನನ್ನ ದೊಡ್ಡ ಮಗನನ್ನು ಸೋಲಿಸಿ ಆಗಷ್ಟೇ ಒಳಗೆ ಬಂದಿದ್ದಳು. ಉಸಿರು ಬಿಡುತ್ತಲೇ ನನ್ನ ಹೆಂಡತಿಯ ಮುಂದೆ ತನ್ನ ಕಾಲು ಚಾಚಿ, "ಅತ್ತಿ, ನಂದು ಮುರೀರಿ" ಎಂದಳು.

ಗಂಗು ಆ ಕಾಲನ್ನು ಹಿಂದಕ್ಕೆ ಸರಿಸಿದಳು. "ಬ್ಯಾಡ ವೈನಿ. ಈಕೀ ಅಣ್ಣ ಒಬ್ಬನೇ ಬರ್ತಾನ. ನಾನು, ಈಕಿ ಇಲ್ಲೇ ಇರ್ತೀವಿ. ಈಕೀಗಿ ನನ್ನ ಕಾಲೇ ಬಂದಾವ."

"ಅವ್ವಾ, ನಾ ಈಗ ಓಡಿ ಗೆದ್ದೀನಿ!"

"ನಾನೂ ಊರಾಗ ಗೆದ್ದಿದ್ದೆ. ಅಡವ್ಯಾಗ ಕುಂತೆ. ಸುಮ್ನ ಇರು."

ಚೆನ್ನಿ ಅಳಲಿಲ್ಲ. ಅವ್ವನ ಕಾಲು, ತನ್ನ ಕಾಲು ಎರಡನ್ನೂ ಹೋಲಿಸಿ ನೋಡುತ್ತ ಕೂತಳು. ಅಷ್ಟರಲ್ಲಿ ನನ್ನ ಕಿರಿಯ ಮಗಳು ಪಾರಿ, ಅಳತೆ ಮಾಡಿಟ್ಟಿದ್ದ ಕಡ್ಡಿಯೊಂದನ್ನು ಎತ್ತಿ ಬಾಯಿಗೆ ಹಾಕಿಕೊಂಡು ಕಚ್ಚಿದಳು.

"ಏ! ತಗೀ ಬಾಯಾಗಿಂದ!"

ಖಣಿಯಲ್ಲಿ ಕೂಗುವ ದನಿ ಅದು. ಅವಳ ಕೈಯಿಂದ ಕಡ್ಡಿ ಕಸಿದುಕೊಂಡೆ. ಮಗು ಬೆದರಿ ಅತ್ತಿತು.

ನನ್ನ ಹೆಂಡತಿ, "ಏನಾಗ್ಯಾದ್ರಿ ನಿಮಗ? ಒಂದು ದಂಟಿನ ಕಡ್ಡೀಗಿ ಇಷ್ಟು ಒದರಬೇಕಾ? ಇನ್ನೊಂದು ಮುರುದ್ರಾತು" ಎಂದಳು.

ಅದೇ ಮಾತು. ಬಂಡಿಯ ಮೇಲೆ ನಾನಂದುಕೊಂಡ ಅದೇ ಮಾತು. ನಾನು ನೆಲದ ಮೇಲೆ ಕೂತುಬಿಟ್ಟೆ. ಹೇಗೆ ಸುರು ಮಾಡಬೇಕೆಂದು ತಿಳಿಯದೆ ಬಂಡಿಯಿಂದಲೇ ಸುರು ಮಾಡಿದೆ. ದಾರ ಹಲ್ಲಿಗೆ ಸಿಕ್ಕದ್ದು, ಒಣ ಕಣಿಕೆ, ಗೇಣು, ಮಲ್ಕಪ್ಪ ಕೇಳಿದ್ದು, ನಾನು ಅವನಿಗೆ ಹೇಳಿದ್ದು, ಎಲ್ಲ ಹೇಳಿದೆ. ಮಕ್ಕಳೂ ಕೇಳುತ್ತಿದ್ದರು. ಕೇಳಲಿ ಎಂದು ಬಿಟ್ಟೆ.

ನಾನು ಕಸಿದುಕೊಂಡಿದ್ದ ಕಡ್ಡಿಯನ್ನು ಗಂಗು ಎತ್ತಿ ನೋಡಿದಳು. ಆಮೇಲೆ ಕೇಳಿದಳು:

"ಸವಿ ಇತ್ತೇನು?"

"ಇತ್ತು."

"ಗೊತ್ತಿತ್ತು ನನಗ. ನಾ ಕಚ್ಚಿ ನೋಡಿ ಆರಿಸಿದ್ದೆ. ನಾ ದೊಡ್ಡಾಕಿ ಆದ ಮ್ಯಾಲ ಆ ಕಡ್ಡಿ ಮಲ್ಕಪ್ಪನಿಂದ ವಾಪಸ್ ಇಸ್ಕೊಂಡು ತಿನ್ನಬೇಕಂತ ಮಾಡಿದ್ದೆ." ನಗುತ್ತಾಳೆಂದು ನೋಡಿದೆ. ನಗುತ್ತಿರಲಿಲ್ಲ. "ದಿನಾ ಕಾಲು ತೊಳಕೊಳ್ಳುವಾಗ ಈ ಕಾಲಿಗಿ ಬೈದೀನಿ ಅಣ್ಣಾ. ನಮ್ಮ ಮನೀ ಬಾವಿ ಕಟ್ಟಿ ಮ್ಯಾಲ ನಿಂತು, ಏ ಕಾಲುಗಳೇ, ನಿಮ್ಮಿಂದ ಇಲ್ಲಿಗಿ ಬಂದೀನಿ ಅಂತ ಬೈದೀನಿ. ಈಗ ಮಗಳ ಕಾಲಿಗೂ ಬೈಲಿಕ್ಕೆ ಹತ್ತಿದ್ದೆ."

ಹೊರೆಯಿಂದ ಎರಡು ದಂಟು ಎಳೆದೆ. ಒಂದೊಂದನ್ನೂ ಬುಡದಲ್ಲಿ ಕಚ್ಚಿ ನೋಡಿದೆ, ಸವಿ ಇದ್ದವನ್ನೇ ಇಟ್ಟುಕೊಂಡೆ. ಚೆನ್ನಿಯನ್ನು ಕರೆದು ಅವಳ ಕಾಲು ನೆಲಕ್ಕೂರಿಸಿ ಕಡ್ಡಿ ಮುರಿದೆ. ಆಮೇಲೆ ಗಂಗುವಿನ ಮುಂದೆ ಕೂತು ಅವಳ ಹಿಮ್ಮಡಿಗೆ ಕೈ ಹಾಕಿದೆ. ಅವಳು ಗಾಬರಿಯಾಗಿ ಕಾಲು ಹಿಂದೆ ಎಳೆದುಕೊಂಡಳು.

"ಏ ಅಣ್ಣಾ, ದೊಡ್ಡಾವ ಆಗಿ ನನ್ನ ಕಾಲು ಮುಟ್ತೀಯಾ?"

"ಮುಟ್ಟದ ಅಳತಿ ಹೆಂಗ ಮಾಡ್ಲಿ? ಚಾಚು."

ಅವಳು ಕಾಲು ಚಾಚಿದಳು. ಹಿಮ್ಮಡಿಯ ಮೇಲೆ ಹಳೆಯ ಗಾಯದ ಗುರುತು ಬೆಳ್ಳಗೆ ಹಾಗೇ ಇತ್ತು. ದಂಟು ಇಟ್ಟೆ, ಹೆಬ್ಬೆರಳಿಗೆ ಸರಿ ಮಾಡಿದೆ, ಇನ್ನೊಮ್ಮೆ ನೋಡಿದೆ, ಮುರಿದೆ. ಅವಳ ಸೀರೆಯ ಸೆರಗಿನಿಂದ ಒಂದು ಎಳೆ ಎಳೆದು ಅದಕ್ಕೆ ಕಟ್ಟಿದೆ. ಕಡ್ಡಿ ಕೈಯಲ್ಲೇ ಹಿಡಿದುಕೊಂಡು, ಮಕ್ಕಳೆಲ್ಲರಿಗೂ ಕೇಳುವ ಹಾಗೆ ಹೇಳಿದೆ:

"ಗಂಗೂ, ನಿನ್ನ ಕಾಲು ಎಂದೂ ಸಣ್ಣ ಇದ್ದಿಲ್ಲ. ನಾ ಸುಳ್ಳು ಹೇಳಿದ್ದೆ. ತಪ್ಪಾತವ್ವಾ ನಂದು."